ಕಂಬಳಿ ಹೊದಿಸಿದ ಕೈ

ಹೆಣಕ್ಕೆ ಎಷ್ಟು ಅಂಕ ಕೊಡಬೇಕೆಂದು ತಿಳಿಯದೆ ಸರ್ವಮಂಗಳ ಪೆನ್ನಿನ ತುದಿ ಕಚ್ಚುತ್ತ ಕುಳಿತಿದ್ದಳು. ಪಟ್ಟಿಯಲ್ಲಿ ಆಂಗಿಕ, ವಾಚಿಕ, ಭಾವ ಎಂದು ಮೂರು ಕಾಲಂ. ಹೆಣ ಮಾತಾಡುವುದಿಲ್ಲ. ಅಲುಗಾಡಲೂಬಾರದು.

"ಹೆಣ ಉಸಿರಾಡ್ತೈತೆ ಮೇಡಂ," ಪಕ್ಕದ ತೀರ್ಪುಗಾರ ರಘುನಾಥ್ ಪಿಸುಗುಟ್ಟಿದರು. "ಒಂದು ಅಂಕ ಕಟ್."

"ಉಸಿರು ನಿಲ್ಲಿಸಿದ್ರೆ ಪೂರ್ತಿ ಕೊಡ್ತೀರಾ?"

ರಘುನಾಥ್ ನಕ್ಕರು. ಅವಳೂ ನಕ್ಕಳು. ನಗು ಅವಳಿಗೆ ಸುಲಭ.

ಹಿರಿಯೂರಿನಲ್ಲಿ ಭಾನುವಾರದ ನಾಟಕ ಸ್ಪರ್ಧೆ. ಕೊನೆಯ ತಂಡವಾಗಿ ಆದಿವಾಲ ಊರಿನವರು ಆಡುತ್ತಿದ್ದುದು ನೂರು ವರ್ಷ ಹಳೆಯ ಕಾದಂಬರಿಯೊಂದರ ರಂಗರೂಪ. ಅದನ್ನು ಸರ್ವಮಂಗಳ ಚಿತ್ರದುರ್ಗದ ಕಾಲೇಜಿನಲ್ಲಿ ಹದಿನೆಂಟು ವರ್ಷ ಪಾಠ ಮಾಡಿದ್ದಳು. ಯಜಮಾನ ಸಾಯುವ ಅಧ್ಯಾಯ ಬಂದಾಗ ಪ್ರತಿವರ್ಷವೂ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳು ಹಾಜರಿ ಹಾಕುತ್ತಿದ್ದಳು. ಸ್ವಂತ ಅಪ್ಪ ಸತ್ತ ದಿನವೂ ಬಂದವರಿಗೆಲ್ಲ ಕಾಫಿ ಸಿಕ್ಕಿತೇ ಎಂದಷ್ಟೇ ನೋಡಿಕೊಂಡಿದ್ದಳು. ಎಷ್ಟು ಗಟ್ಟಿ ಹೆಂಗಸು ಎಂದು ಎಲ್ಲರೂ ಹೊಗಳಿದ್ದರು. ಇವತ್ತಾದರೂ ಒಂದು ಸಾವು ತನ್ನನ್ನು ಮುಟ್ಟಲಿ, ಮುಟ್ಟಿಸಿದವರಿಗೇ ಬಹುಮಾನ ಎಂದು ಬೆಳಿಗ್ಗೆ ಬಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದಳು.

ವೇದಿಕೆಯ ಮೇಲೆ ಮಗನ ಪಾತ್ರದ ಪ್ರಭುಲಿಂಗ ಹೆಣದ ಎದೆಗೆ ಬಿದ್ದು ಅಳುತ್ತಿದ್ದ. ಒಂದು ಮಾತೂ ತಪ್ಪಲಿಲ್ಲ. ಎಂಟು ಹಾಕಿದಳು. ಏನೂ ಮುಟ್ಟಲಿಲ್ಲ.

ಅಷ್ಟರಲ್ಲಿ ಮೈಕು ಗೊರಗುಟ್ಟಿತು. "ನಾಟಕ ಒಂದ್ನಿಮಿಷ ನಿಲ್ಲಿಸ್ರಪ್ಪ! ಯಜಮಾನನ ಪಾತ್ರದ ಕುರಿ ಓಬಣ್ಣನಿಗೆ ನೆಂಟರ ಕಡೆಯಿಂದ ಮುಯ್ಯಿ. ಒಂದು ಹಾರ, ಒಂದು ಕಂಬಳಿ!"

ಮೆಚ್ಚಿದ ನಟನಿಗೆ ಆಟದ ನಡುವೆಯೇ ಉಡುಗೊರೆ ಕೊಡುವುದು ಈ ಕಡೆಯ ರೂಢಿ. ಹೆಣಕ್ಕೆ ಕೊಟ್ಟದ್ದನ್ನು ಅವಳು ಕಂಡಿರಲಿಲ್ಲ.

"ಏಳಲೇ ಓಬಣ್ಣ, ಹಾರ ಹಾಕ್ಬೇಕು!"

"ಎದ್ರೆ ಅಂಕ ಹೋಗ್ತಾವೆ. ಮಲಗಿದಂಗೇ ಹಾಕ್ರಿ," ಎಂದಿತು ಹೆಣ, ಕಣ್ಣು ತೆರೆಯದೆ.

ಸಭೆ ಬಿದ್ದು ಬಿದ್ದು ನಕ್ಕಿತು. ಅಳುತ್ತಿದ್ದ ಪ್ರಭುಲಿಂಗನೂ ನಕ್ಕ.

ಕಂಬಳಿ ಹೊತ್ತು ವೇದಿಕೆ ಹತ್ತಿದವಳು ಓಬಣ್ಣನ ಹೆಂಡತಿ ಯಲ್ಲಕ್ಕ. ನಗುತ್ತಲೇ ಬಂದಳು. ಕಾಲ್ಬೆರಳು ಕಟ್ಟಿಸಿಕೊಂಡು ಮಲಗಿದ್ದ ಗಂಡನಿಗೆ ಕಂಬಳಿ ಹೊದಿಸಿದಳು. ಆದರೆ ಕೈ ಹಿಂದಕ್ಕೆ ಬರಲಿಲ್ಲ. ಬೆರಳು ಅವನ ಮೂಗಿನ ಕೆಳಗೆ ಹೋಗಿ ನಿಂತಿತು. ಅವಳ ಮುಖದ ನಗುವೂ ನಿಂತಿತು.

"ಐತೆ," ಎಂದಳು ಕೊನೆಗೆ, ಸೆರಗಿನಿಂದ ಕಣ್ಣೊರೆಸಿಕೊಂಡು. "ಉಸಿರೈತೆ. ಇನ್ನ ಆಡ್ಕಳ್ರಪ್ಪ."

ಸರ್ವಮಂಗಳಳ ಎದೆಯಲ್ಲಿ ಏನೋ ಅಲುಗಿತು. ಅವಸರವಾಗಿ ಬರೆದಳು: ಯಲ್ಲಕ್ಕ, ಹತ್ತು.

"ಆಯಮ್ಮ ಪಟ್ಟಿಯಲ್ಲೇ ಇಲ್ಲ ಮೇಡಂ," ಎಂದರು ರಘುನಾಥ್.

"ಇಷ್ಟು ಚೆನ್ನಾಗಿ ಇನ್ಯಾರು ಮಾಡಿದ್ರು?"

"ಆಯಮ್ಮ ಏನೂ ಮಾಡ್ಲಿಲ್ವಲ್ಲ."

ನಿಜ. ಬರೆದದ್ದನ್ನು ಹೊಡೆದುಹಾಕಿದಳು. ಶ್ರೇಷ್ಠ ನಟ ಎಂದಿದ್ದ ಕಡೆ ಪ್ರಭುಲಿಂಗನ ಹೆಸರನ್ನು ದುಂಡಗೆ ಬರೆದು ಸಹಿ ಮಾಡಿದಳು. ಅಲುಗಿದ್ದು ಸುಮ್ಮನಾಯಿತು.

ಬಹುಮಾನ, ಚಪ್ಪಾಳೆ ಎಲ್ಲ ಮುಗಿದ ಮೇಲೆ ತೀರ್ಪುಗಾರರಿಗೂ ಸನ್ಮಾನ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಶಾಲು ಹೊದಿಸಿದರು. ಕೆಳಗೆ ಓಬಣ್ಣ ಆ ಸೆಕೆಯಲ್ಲೂ ಕಂಬಳಿ ಹೊದ್ದೇ ಯಲ್ಲಕ್ಕನ ಮಡಿಲಿನಿಂದ ಮಂಡಕ್ಕಿ ಮುಕ್ಕುತ್ತಿದ್ದ.

ಶಾಲು ಹೊದಿಸಿದ ಕೈಗಳೆಲ್ಲ ಹಿಂದೆ ಸರಿದವು. ಒಂದೂ ನಿಲ್ಲಲಿಲ್ಲ. ಸರ್ವಮಂಗಳ ನಗುತ್ತಲೇ ತನ್ನ ಬೆರಳನ್ನು ಮೂಗಿನ ಕೆಳಗೆ ಹಿಡಿದು ನೋಡಿದಳು. ಪಕ್ಕದಲ್ಲಿ ದೊಡ್ಡ ಫ್ಯಾನು ತಿರುಗುತ್ತಿತ್ತು. ಬೆರಳಿಗೆ ತಾಕಿದ ಗಾಳಿ ಯಾವುದೆಂದು ತಿಳಿಯುವ ಮೊದಲೇ ಫೋಟೊದವನು ಕೂಗಿದ:

"ಕೈ ಇಳಿಸ್ರಿ ಮೇಡಂ. ಹಂಗೇ ಅಲುಗಾಡ್ದಂಗೆ ಕುಂತ್ಕಳ್ರಿ. ಹಾಂ, ಚೆನ್ನಾಗೈತೆ."