ತಾರಸಿಯಲ್ಲಿ ಒಣಗಿದ ಸ್ಪಂಜು

ನಾಲ್ಕು ಏಂಜಲ್ ಮೀನುಗಳು ಸತ್ತಿದ್ದವು. ಉಳಿದ ಎರಡು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಉಸಿರಿಗೆ ಒದ್ದಾಡುತ್ತಿದ್ದವು. ಅಣ್ಣ ಮನೀಷ್ ಮಾತ್ರ ಅಕ್ವೇರಿಯಂನ ಗಾಜನ್ನು ಇನ್ನೊಮ್ಮೆ ಒರೆಸುತ್ತಿದ್ದ.

ಇವತ್ತು ಸಂಜೆ ಮೂಡುಬಿದಿರೆಯಿಂದ ಅವನಿಗೆ ನೋಡಿದ ಹುಡುಗಿಯ ಕಡೆಯವರು ನಮ್ಮ ಮನೆ ನೋಡಲು ಬರುವವರಿದ್ದರು. ದುಬೈಯಿಂದ ಬಂದಿಳಿದವನೇ ಅವನು ಕಂಡದ್ದನ್ನೆಲ್ಲ ತೊಳೆಯತೊಡಗಿದ್ದ. ಮೊನ್ನೆ ನಾನು ಕಾಲೇಜಿನಲ್ಲಿದ್ದಾಗ ಫಿಲ್ಟರಿನ ಸ್ಪಂಜನ್ನೂ ಬಟ್ಟೆ ಸಾಬೂನಿನಲ್ಲಿ ಉಜ್ಜಿ, ತಾರಸಿಯಲ್ಲಿ ಹಪ್ಪಳದ ಪಕ್ಕ ಒಣಗಿಸಿ, ಮತ್ತೆ ಸಿಕ್ಕಿಸಿದ್ದ. ಮೀನಿನ ಹೊಲಸನ್ನು ತಿಂದು ನೀರನ್ನು ಕಾಯುವ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲಿ ಬೆಳೆಯಲು ಎಂಟು ತಿಂಗಳು ಬೇಕಾಗಿತ್ತು. ಸಾಯಲು ಒಂದು ಮಧ್ಯಾಹ್ನ ಸಾಕಾಯಿತು.

"ಮೀನೇ ಸರಿ ಇರ್ಲಿಲ್ಲ," ಎಂದ. "ಗುರುವಾಯನಕೆರೆಯ ಅಂಗಡಿಯವ ನಿನಗೆ ಟೋಪಿ ಹಾಕಿದ್ದಾನೆ."

ಸಣ್ಣ ಬಾಟಲಿಗೆ ಅಕ್ವೇರಿಯಂ ನೀರು ತುಂಬಿಸಿ ಅಮೋನಿಯಾ ಪರೀಕ್ಷೆಯ ಹನಿಗಳನ್ನು ಬಿಟ್ಟೆ. ಹಳದಿಯಾಗಿಯೇ ಇರಬೇಕಾದ ನೀರು ಕಡು ಹಸಿರಾಯಿತು. ಅದನ್ನು ಅವನ ಮೂಗಿನ ಬುಡಕ್ಕೆ ಹಿಡಿದೆ.

"ಇದು ವಿಷ. ನೀನು ತೊಳೆದು ಮಾಡಿದ್ದು."

"ಕೊಳಕು ತೊಳೆದದ್ದು ತಪ್ಪಾ ಮಾರಾಯ್ತಿ? ಅಮ್ಮ, ಇವಳ ಬಾಯಿ ನೋಡಿ."

"ನೀರು ಪಳಪಳ ಅಂತ ಉಂಟಲ್ಲ," ಅಮ್ಮ ಅಡುಗೆಮನೆಯಿಂದಲೇ ಹೇಳಿದರು. "ಬಂದವರ ಎದುರು ಬೊಬ್ಬೆ ಹಾಕ್ಬೇಡ ಪ್ರಾಪ್ತಿ."

ಮೂರನೇ ಒಂದು ಪಾಲು ನೀರು ತೆಗೆದು ಬಾವಿ ನೀರು ಹಾಕಿದೆ. ಅದರಿಂದ ಸ್ವಲ್ಪ ಹೊತ್ತು ಮಾತ್ರ ತಡೆದೀತು. ಹಿತ್ತಲು ದಾಟಿ ಗೆಳತಿ ಶಿಫಾನಾಳ ಮನೆಗೆ ಓಡಿದೆ. ಅವಳು ಮೀನು ಸಾಕಲು ಶುರುಮಾಡಿದಾಗ ನನ್ನ ಸ್ಪಂಜಿನ ಒಂದು ತುಂಡನ್ನು ನಾನೇ ಕೊಟ್ಟಿದ್ದೆ. ಅದರಲ್ಲಿ ಆ ಬ್ಯಾಕ್ಟೀರಿಯಾ ಇನ್ನೂ ಬದುಕಿತ್ತು.

ಅವಳು ಕತ್ತರಿ ತಂದಳು. "ಪೂರಾ ಕೊಟ್ರೆ ನನ್ನವೂ ಸಾಯ್ತವೆ. ಅರ್ಧ ಕೊಡ್ತೇನೆ. ಆ ಹುಡುಗಿಗೆ ಒಂದು ಮಾತು ಹೇಳಿಡು, ನಿನ್ನ ಅಣ್ಣ ಹೆಂಡತಿಯನ್ನೂ ಸಾಬೂನು ಹಾಕಿ ಒಣಗಿಸಿಯಾನು."

ನನಗೆ ನಗು ಬರಲಿಲ್ಲ. ಕಂದು ಸ್ಪಂಜಿನ ತುಂಡನ್ನು ಚೆಂಬಿನ ನೀರಿನಲ್ಲಿ ಮುಳುಗಿಸಿಕೊಂಡು ವಾಪಸಾದೆ.

ಮನೀಷ್ ಅಕ್ವೇರಿಯಂಗೆ ಅಡ್ಡ ನಿಂತ. "ಈಗ ಹಾಕ್ಬೇಡ. ನೀರು ಕಲಕ್ತದೆ. ಅವರು ಮಡಂತ್ಯಾರು ದಾಟಿ ಆಯ್ತಂತೆ. ಈಗ ಬರ್ತಾರೆ. ಬಂದು ಹೋಗ್ಲಿ, ಒಂದು ಗಂಟೆ ಕಾಯುವ."

"ಒಂದು ಗಂಟೆ ಇವುಗಳ ಹತ್ತಿರ ಇಲ್ಲ."

"ನನ್ನ ಮದುವೆಗಿಂತ ನಿನಗೆ ಎರಡು ಮೀನು ಹೆಚ್ಚಾ?"

"ಆರು ಇತ್ತು."

ಅವನನ್ನು ಭುಜದಿಂದ ತಳ್ಳಿ ಸ್ಪಂಜನ್ನು ನೀರಿನೊಳಗೇ ಹಿಂಡಿದೆ. ಕಂದು ರಾಡಿ ಹೊಗೆಯಂತೆ ಹರಡಿ, ಅವನು ಒರೆಸಿದ ಗಾಜು ಒಳಗಿನಿಂದ ಮಸುಕಾಯಿತು. ತುಂಡನ್ನು ಫಿಲ್ಟರಿಗೆ ಸಿಕ್ಕಿಸುತ್ತಿದ್ದಾಗ ಗೇಟಿನಲ್ಲಿ ಕಾರು ನಿಂತಿತು.

"ಬಾಗಿಲು ತೆಗಿ," ಎಂದ.

"ನೀನೇ ತೆಗಿ," ಎಂದೆ. ನನ್ನ ಕೈ ಮೊಣಕೈವರೆಗೆ ಇನ್ನೂ ನೀರಿನಲ್ಲೇ ಇತ್ತು.