ಇವು

ಬಾಗಲಗುಂಟೆಯ ಗೋಪಾಲಮ್ಮನವರು ತಮ್ಮ ಒಂದೇ ಒಂದು ಕುರಿಯನ್ನು ‘ಇವು’ ಎನ್ನುತ್ತಿದ್ದರು.

“ಇವು ಬೆಳಿಗ್ಗೆಯಿಂದ ನೀರೇ ಮುಟ್ಟಿಲ್ಲ ಕಣವ್ವ. ಒಂದೇ ಬೋಗುಣಿ ಇಟ್ರೆ, ನೀ ಕುಡಿ ನೀ ಕುಡಿ ಅಂತ ಬಿಟ್ಕೊಟ್ಟು ಎರಡೂ ಸುಮ್ಕೆ ನಿಲ್ತವೆ.”

ಕುರಿಯ ರಕ್ತ ತೆಗೆಯಲು ಬಂದಿದ್ದ ಇಂದು ಎಂಬ ಯುವತಿ ಸುತ್ತ ನೋಡಿದಳು. ಮನೆಯ ಕೆಳಗಿನ ಪಾರ್ಕಿಂಗ್‌ನಲ್ಲಿ, ಜೀಪಿನಾಚೆಯ ಕಂಬಕ್ಕೆ ಕಟ್ಟಿದ್ದ ಗಿಡ್ಡ ಕಾಲಿನ ಬಂಡೂರು ಕುರಿಯೊಂದೇ ಇತ್ತು.

ಮಗ ಮಹೇಂದ್ರ ನಕ್ಕ. “ಅಮ್ಮಂಗೆ ಕಣ್ಣಿನ ಆಪರೇಷನ್ ಮಾಡಿಸ್ಬೇಕು ಮೇಡಂ. ಒಂದು ಎರಡಾಗಿ ಕಾಣ್ತದೆ.”

“ಕಣ್ಣು ನೆಟ್ಟಗೈತೆ ಕಣೋ. ನೀನು ಕಿವಿ ತೋರಿಸ್ಕೋ ಓಗು.”

ಇಂದು ಹೆಬ್ಬಾಳದ ಪ್ರಯೋಗಾಲಯವೊಂದರಿಂದ ಬಂದಿದ್ದಳು. ನಾಡತಳಿಯ ಕುರಿಗಳ ರಕ್ತ ತೆಗೆದು, ಅದರ ಜೀವಕೋಶಗಳನ್ನು ಬೆಳೆಸಿ, ಒಳಗಿನ ವರ್ಣತಂತುಗಳನ್ನು ಜೋಡಿ ಮಾಡಿ ನೋಡುವುದು ಅವಳ ಕೆಲಸ. ಗೋಪಾಲಮ್ಮನವರು ಮಳವಳ್ಳಿಯ ಅಕ್ಕನ ಮನೆಯಿಂದ ಮಡಿಲಲ್ಲಿಟ್ಟುಕೊಂಡು ತಂದಿದ್ದ ಮರಿ ಇದು. ಬೆಳೆದು ದೊಡ್ಡದಾಗಿ, ಟಗರಿನ ಜೊತೆ ಬಿಟ್ಟರೂ ಗಬ್ಬ ಕಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಮರಿ ಹಾಕುತ್ತದೆ ಎಂದು ಬಂದರೆ ಸರಿ, ಇಲ್ಲವಾದರೆ ಯುಗಾದಿಯ ಮಾರನೆಯ ದಿನ ವರ್ಷತೊಡಕಿನ ಅಡುಗೆಗೆ ಎಂದು ಮಹೇಂದ್ರ ತೀರ್ಮಾನಿಸಿದ್ದ. ಗೋಪಾಲಮ್ಮನವರು ವಾದ ಮಾಡಲಿಲ್ಲ. ಸೂಜಿ ಚುಚ್ಚುವಾಗ ಕುರಿಯ ಕಣ್ಣಿಗೆ ತಮ್ಮ ಅಂಗೈ ಅಡ್ಡ ಹಿಡಿದರು. ಮತ್ತೊಂದು ಅಂಗೈಯನ್ನು ಪಕ್ಕದಲ್ಲಿ ಬರಿಗಾಳಿಗೂ ಹಿಡಿದರು.

ಸೂಕ್ಷ್ಮದರ್ಶಕದಲ್ಲಿ ಮೊದಲು ಎಲ್ಲ ಸರಿಯಾಗಿಯೇ ಇತ್ತು. ಕುರಿಗಿರಬೇಕಾದ ಐವತ್ನಾಲ್ಕು ವರ್ಣತಂತುಗಳು, ಹೆಣ್ಣಿಗಿರಬೇಕಾದ ಎರಡು ಎಕ್ಸ್. ಮುಂದಿನ ಕೋಶದಲ್ಲಿ ಎಕ್ಸ್ ಒಂದೇ. ಅದರ ಪಕ್ಕದಲ್ಲಿ ಚುಕ್ಕೆಯಂಥ ವೈ. ಗಂಡು. ಅದರಾಚೆಯದು ಹೆಣ್ಣು. ಮತ್ತೆ ಗಂಡು.

ಯಾವುದೋ ಟಗರಿನ ರಕ್ತ ಬೆರೆತಿರಬೇಕೆಂದು ಇಂದು ತನ್ನನ್ನೇ ಬೈದುಕೊಂಡಳು. ಬಾಗಲಗುಂಟೆಗೆ ಮತ್ತೆ ಹೋಗಿ ರಕ್ತ ತಂದು, ಹೊಸದಾಗಿ ಬೆಳೆಸಿ ನೋಡಿದಳು. ಈ ಸಲ ಗಂಡು ಕೋಶಗಳು ಮೊದಲಿಗಿಂತ ಹೆಚ್ಚಾಗಿದ್ದವು.

ಹಿರಿಯ ಸಹೋದ್ಯೋಗಿ ನಾಗಲಕ್ಷ್ಮಿ ಬಂದು ಇಣುಕಿದರು. “ಹೊಟ್ಟೇಲಿ ಗಂಡು ಅವಳಿ ಇದ್ದಿರ್ಬೇಕು ಕಣೇ. ಇಬ್ಬರ ರಕ್ತ ಒಂದಾಗಿ ಹರಿದಿದೆ. ಅವನು ಒಳಗೇ ಕರಗಿ ಹೋಗಿರ್ತಾನೆ, ಕೋಶ ಮಾತ್ರ ಇವಳಲ್ಲಿ ಉಳ್ಕೊಂಡಿದೆ. ಇಂಥದು ಮರಿ ಹಾಕಲ್ಲ.”

“ಆದ್ರೆ ಅವು ಹೆಚ್ಚಾಗ್ತಿವೆಯಲ್ಲ ಮೇಡಂ?”

ನಾಗಲಕ್ಷ್ಮಿ ತಮ್ಮ ಫ್ಲಾಸ್ಕಿನ ಕಾಫಿಯನ್ನು ಮುಚ್ಚಳಕ್ಕೆ ಬಗ್ಗಿಸಿ ಅವಳ ಮುಂದಿಟ್ಟರು. “ಮೊದಲು ಕುಡಿ.”

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಇಂದು ವಿಷಯ ತಿಳಿಸಲು ಹೋದಳು. ಅವಳಿಯ ಮಾತು ಕೇಳಿ ಗೋಪಾಲಮ್ಮನವರು ಅಲ್ಲವೆಂದು ತಲೆಯಾಡಿಸಿದರು.

“ಉಟ್ಟಾಗ ಒಂದೇ ಕಣವ್ವ. ನಮ್ಮಕ್ಕನೇ ಕೈಯಾರೆ ಎಳೆದದ್ದು. ಇಲ್ಲಿಗೆ ಬಂದ್ಮೇಲೆ ಇವು ಆದ್ವು.”

“ಹೇಗೆ ಗೊತ್ತಾಯ್ತಮ್ಮ?”

“ಒಂದು ಮಲಗಿರ್ತದೆ. ಒಂದು ಓಡಾಡ್ತಿರ್ತದೆ.”

“ಮರಿ ಹಾಕಲ್ಲ ತಾನೆ ಮೇಡಂ? ಅಷ್ಟು ಗೊತ್ತಾದ್ರೆ ಸಾಕು,” ಎಂದ ಮಹೇಂದ್ರ, ಕಟುಕನಿಗೆ ಒಪ್ಪಿಸಿ ಬರಲು ಹಗ್ಗ ಬಿಚ್ಚಿದ. ಗೋಪಾಲಮ್ಮನವರು ಸೆರಗಿನಿಂದ ಕುರಿಯ ಮುಖ ಒರೆಸಿದರು. “ದರದರ ಎಳೀಬೇಡ್ವೋ, ನಿಧಾನಕ್ಕೆ ನಡೆಸು,” ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿಕೊಂಡರು.

ಟೈಲ್ಸಿನ ಮೇಲೆ ಗೊರಸಿನ ಸದ್ದು ಟಕ್ ಟಕ್ ಎಂದು ಸಾಗಿತು. ಜೀಪಿನ ಬಳಿ ಮಹೇಂದ್ರ ನಿಂತ. ಕುರಿಯೂ ನಿಂತಿತು.

ಸದ್ದು ನಿಲ್ಲಲಿಲ್ಲ. ಬರಿದಾದ ಕಂಬದ ಬುಡದಿಂದ ಎದ್ದು, ಟಕ್ ಟಕ್ ಎಂದು ಇಂದುವಿನ ಮುಂದೆಯೇ ಹಾದು, ಮಹೇಂದ್ರನ ಪಕ್ಕಕ್ಕೆ ಹೋಗಿ ನಿಂತಿತು. ಅವನು ತನ್ನ ಖಾಲಿ ಕೈಯನ್ನು ಫಕ್ಕನೆ ಹಿಂದಕ್ಕೆ ಎಳೆದುಕೊಂಡ. ಬೆರಳುಗಳನ್ನು ನೋಡಿಕೊಂಡ. ತೇವವಾಗಿದ್ದವು, ಮೂತಿಯೊಂದು ಮೂಸಿದ ಹಾಗೆ.

ಆಮೇಲೆ ಅವನು ಕುರಿಯನ್ನು ನಡೆಸಿಕೊಂಡು ಬಂದು ಕಂಬಕ್ಕೆ ಕಟ್ಟಿದ. ಹಿಂದೆ ಬರುವ ಇನ್ನೊಂದಕ್ಕೆ ದಾರಿ ಬಿಟ್ಟು, ನಿಧಾನವಾಗಿ.

“ಅಮ್ಮಾ,” ಎಂದ. ದನಿ ಸಣ್ಣಗಾಗಿತ್ತು. “ಇವು ಇಲ್ಲೇ ಇರ್ಲಿ ಬಿಡು.”

ಒಳಗಿನಿಂದ ಇನ್ನೊಂದು ಬೋಗುಣಿ ತಂದು, ನೀರು ತುಂಬಿ, ಮೊದಲನೆಯದರ ಪಕ್ಕದಲ್ಲಿಟ್ಟ. ಕುರಿ ತನ್ನ ಬೋಗುಣಿಗೆ ಬಾಯಿ ಹಾಕಿತು.

ಇನ್ನೊಂದರಲ್ಲಿ ನೀರು ಮೆಲ್ಲಗೆ ಇಳಿಯತೊಡಗಿತು.