ಬ್ರೇಕಿಗೆ ಬಳಿದ ಕೆಂಪು

ಪೆಡಲು ನೆಲ ಮುಟ್ಟಿತು. ಕಾರು ನಿಲ್ಲಲಿಲ್ಲ.

ಎದುರಿಗಿದ್ದ ಹಾಲಿನ ವ್ಯಾನಿನ ಹಿಂಬಾಗಿಲು ದೊಡ್ಡದಾಗುತ್ತ ಬಂತು. ಅದರ ಧೂಳಿನಲ್ಲಿ ಯಾರೋ ಬೆರಳಿನಿಂದ ಬರೆದಿದ್ದ ಬೈಗುಳವನ್ನು ಅವನು ಪೂರ್ತಿ ಓದಿದ. ಅಷ್ಟು ಪುರುಸೊತ್ತು ಸಿಕ್ಕಿತು. ಆಮೇಲೆ ಕೈಬ್ರೇಕು ಜಗ್ಗಿದ. ಕಾರು ಅಡ್ಡಡ್ಡ ತಿರುಗಿ, ಕಿರುಚಿ, ವ್ಯಾನಿಗೆ ಇನ್ನೊಂದು ಗೇಣು ಇದೆ ಎನ್ನುವಾಗ ನಿಂತಿತು. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು.

ತಪ್ಪು ಅವನದೇ. ಬೆಳಗಿನ ಖಾಲಿ ರಸ್ತೆಯಲ್ಲಿ ಯಾರೋ ಬೈಕಿನವನ ಜೊತೆ ಜಿದ್ದಿಗೆ ಬಿದ್ದು ಮೂರು ಸಿಗ್ನಲ್ಲುಗಳ ತನಕ ಓಡಿಸಿದ್ದ. ಬೈಕಿನವನಿಗೆ ಅದು ಗೊತ್ತೇ ಇರಲಿಲ್ಲವೇನೋ. ಅವನು ಎಡಕ್ಕೆ ತಿರುಗಿ ತನ್ನ ಪಾಡಿಗೆ ಹೋಗಿಬಿಟ್ಟಿದ್ದ.

ವ್ಯಾನಿನ ಡ್ರೈವರ್ ಇಳಿದು ಬಂದ. ಅವಸರವಿರಲಿಲ್ಲ ಅವನಿಗೆ. ಕಾರಿನ ಬಾಗಿಲು ತೆಗೆದ, ಬಗ್ಗಿದ, ಕೆನ್ನೆಗೆ ಒಂದು ಬಿಗಿದ.

"ನೋಡೋಕೆ ಓದಿದೋನ ಥರ ಇದ್ದೀಯ," ಎಂದ.

"ಸಾರಿ," ಎಂದ ಇವನು.

ಡ್ರೈವರ್ ಬಾಗಿಲನ್ನು ಮೆಲ್ಲಗೆ ಮುಚ್ಚಿ ಹೋದ. ನಲವತ್ತಮೂರು ವರ್ಷದ ಎಕ್ಸ್-ರೇ ಡಾಕ್ಟರು ನಡುರಸ್ತೆಯಲ್ಲಿ ಏಟು ತಿಂದು ಕೂತಿದ್ದ. ಅವಮಾನವಾಗಬೇಕಿತ್ತು. ಆದರೆ ಏಟು ಬಿದ್ದ ಕ್ಷಣ ಅವನಿಗೆ ಹಿತವಾಗಿತ್ತು. ಬಹಳ ದಿನದ ಮೇಲೆ ಯಾರೋ ತನ್ನನ್ನು ಸರಿಯಾಗಿ ಗುರುತು ಹಿಡಿದರು ಅನ್ನಿಸಿತ್ತು. ಉರಿ ಶುರುವಾದದ್ದು ಆಮೇಲೆ, ಗ್ಯಾರೇಜಿನ ದಾರಿಯಲ್ಲಿ.

ಹೊರಗಿನಿಂದ ನೋಡಿದರೆ ಅದು ಸಂಸಾರಸ್ಥರ ಕಾರು. ಬೂದು ಬಣ್ಣ, ನಾಲ್ಕು ಬಾಗಿಲು, ಹಿಂದಿನ ಗಾಜಿನ ಮೇಲೆ ಮಗಳು ಅಂಟಿಸಿದ ಚಿಟ್ಟೆ. ಬಾನೆಟ್ಟಿನ ಕೆಳಗಿನದು ಮಾತ್ರ ಬೇರೆ. ಎರಡು ವರ್ಷ ಒಂದೊಂದೇ ಭಾಗ ಬದಲಿಸಿ, ಎಂಜಿನ್ನಿಗೆ ಟರ್ಬೊ ಕೂರಿಸಿ, ಕಂಪನಿ ಕೊಟ್ಟಿದ್ದರ ಎರಡರಷ್ಟು ಬಲ ತುಂಬಿಸಿದ್ದ. ನಿಲ್ಲಿಸುವ ಸಾಮಾನು ಮಾತ್ರ ಕಂಪನಿಯದೇ ಇತ್ತು.

ಮೆಕ್ಯಾನಿಕ್ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ. ಚಕ್ರದ ಕಡ್ಡಿಗಳ ಸಂದಿಯಲ್ಲಿ ಬೆರಳು ತೂರಿಸಿ, ಬ್ರೇಕಿನ ತಟ್ಟೆಯನ್ನು ಇಕ್ಕಳದಂತೆ ಕಚ್ಚಿ ಹಿಡಿಯುವ ಕ್ಯಾಲಿಪರನ್ನು ಉಗುರಿನಿಂದ ಕೆರೆದ. ಕೆಂಪು ಬಣ್ಣದ ಒಂದು ಚಕ್ಕೆ ಎದ್ದು ಬಂತು. ಒಳಗೆ ಹಳೆಯ ಕಬ್ಬಿಣ.

"ಇದ್ಯಾರ ಕೈಚಳಕ?"

ಇವನು ಕೆಳಗೆ ಬಿದ್ದ ಚಕ್ಕೆಯನ್ನು ಬೂಟಿನಿಂದ ಪಕ್ಕಕ್ಕೆ ಸರಿಸಿದ.

"ನಾಚ್ಕೋಬೇಡಿ ಡಾಕ್ಟ್ರೇ. ನನ್ನ ಹತ್ರ ಬರೋ ಹತ್ತು ಜನರಲ್ಲಿ ಆರು ಜನ ಇದನ್ನೇ ಮಾಡ್ತಾರೆ. ಮೊದಲು ಎಂಜಿನ್, ಆಮೇಲೆ ಚಕ್ರ, ಆಮೇಲೆ ಹಳೇ ಕ್ಯಾಲಿಪರಿಗೆ ಕೆಂಪು ಪೇಂಟು. ರೇಸಿನ ಗಾಡೀದು ಅಂತ ಜನ ನೋಡ್ಲಿ ಅಂತ. ಬಣ್ಣ ಹಚ್ಚಿದ್ರೆ ಹಿಡಿಯತ್ತಾ?"

"ಇವತ್ತು ಬೆಳಗ್ಗೆ ಹಿಡೀಲಿಲ್ಲ."

"ಎಷ್ಟು ಸಲ ಒತ್ತಿದ್ರಿ?"

"ಮೂರು. ನಾಲ್ಕನೇದಕ್ಕೆ ಹೋಯ್ತು."

"ಅಷ್ಟೇ ಅದರ ಆಯಸ್ಸು. ತಣ್ಣಗಿದ್ದಾಗ ಎಲ್ಲಾ ಬ್ರೇಕೂ ಹಿಡಿಯತ್ತೆ, ಅದನ್ನ ನಂಬ್ಬೇಡಿ. ಬಿಸಿಯಾದ್ರೆ ಒಳಗಿನ ಎಣ್ಣೆ ಕುದಿಯತ್ತೆ, ಪೆಡಲು ನೀರಲ್ಲಿ ಕಾಲಿಟ್ಟ ಹಾಗೆ ಹೋಗತ್ತೆ." ಅವನು ಎದ್ದು ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆ ತೋರಿಸಿದ. "ನಿಮಗೆ ಅಂತ ತರಿಸಿ ಇಟ್ಟು ತಿಂಗಳಾಯ್ತು. ದೊಡ್ಡ ಡಿಸ್ಕು, ದೊಡ್ಡ ಕ್ಯಾಲಿಪರು. ಮೂರು ಗಂಟೆ ಕೆಲಸ. ಆದ್ರೆ ಈ ಚಕ್ರದೊಳಗೆ ಕೂರಲ್ಲ, ಚಕ್ರ ಬದಲಿಸ್ಬೇಕು. ಹಾಕೋದಾ ಬೇಡ್ವಾ?"

ಚಕ್ರ ಅವನೇ ಹುಡುಕಿ ಹುಡುಕಿ ತಂದದ್ದು. ತೆಳ್ಳಗಿನ ಹತ್ತು ಕಡ್ಡಿಗಳು. ಬದುಕಿನಲ್ಲಿ ಅವನು ಯಾರನ್ನೂ ಕೇಳದೆ ಆರಿಸಿಕೊಂಡದ್ದು ಅವೊಂದೇ.

"ನಾಳೆ ಹೇಳ್ತೀನಿ."

"ನಾಳೆ ಹೇಳಿ. ಅಲ್ಲೀವರೆಗೆ ಬೆಟ್ಟ ಗಿಟ್ಟ ಅಂತ ಹೋಗ್ಬೇಡಿ. ಇಳಿಜಾರಲ್ಲಿ ಇದು ಪ್ರಾಣ ತೆಗೆಯತ್ತೆ."

"ಬೆಟ್ಟಕ್ಕೆ ಯಾರು ಹೋಗ್ತಾರೆ?" ಎಂದ ಇವನು.

ಹೋಗುವವಳು ಮನೆಯ ಮೆಟ್ಟಿಲ ಮೇಲೆ ಚೀಲ ಹಿಡಿದು ಕಾಯುತ್ತಿದ್ದಳು.

ಹೆಂಡತಿಯ ಕಾರು ಸರ್ವೀಸಿಗೆ ಹೋಗಿತ್ತು. ಬೆಟ್ಟದ ಮೇಲಿನ ಊರಿನಲ್ಲಿರುವ ಅವಳ ತಂದೆಗೆ ನಾಳೆ ಕಣ್ಣಿನ ಆಪರೇಷನ್ನು. ಅವಳು ಸ್ಕೂಲಿನಲ್ಲಿ ಎರಡು ಕ್ಲಾಸು ಗಣಿತ ಮುಗಿಸಿ ಹೋಗಿ ಅವರನ್ನು ಕರೆತರಬೇಕು. ನಿನ್ನೆಯೇ ಹೇಳಿದ್ದಳು. ಪೆಟ್ರೋಲ್ ಹಾಕಿಸಿಕೊಡಲೆಂದೇ ಅವನು ಬೆಳಿಗ್ಗೆ ಕಾರು ತೆಗೆದದ್ದು.

"ಕೆನ್ನೆಗೆ ಏನಾಯ್ತು ರೀ?"

"ಏನಿಲ್ಲ. ಬಾಗಿಲು ತಾಗ್ತು."

ಅವಳು ನಂಬಿದಳು. ಚೀಲದಿಂದ ಮುಲಾಮು ತೆಗೆದು ಬೆರಳ ತುದಿಯಿಂದ ಸವರಿದಳು. ಅವನಿಗೆ ಮೈಯೆಲ್ಲ ಹೊತ್ತಿ ಉರಿಯಿತು.

ಅವಳೇ ಓಡಿಸಿದಳು; ಆಸ್ಪತ್ರೆ ದಾರಿಯಲ್ಲೇ ಇತ್ತು. ಎಂಜಿನ್ನು ಮೊದಲ ಸಲ ಗುಡುಗಿದಾಗ ಹುಬ್ಬೇರಿಸಿದಳು. ತಿರುವಿನಲ್ಲಿ ಮುದುಕಿಯೊಬ್ಬಳು ಅಡ್ಡ ಬಂದಾಗ ಬ್ರೇಕು ಒತ್ತಿದಳು. ಕಾರು ಮರ್ಯಾದೆಯಿಂದ ನಿಂತಿತು. ಗ್ಯಾರೇಜಿನಲ್ಲಿ ನಿಂತು ತಣ್ಣಗಾಗಿತ್ತಲ್ಲ.

"ಹೊಸ ಬ್ರೇಕು ಅಂದ್ರೆ ಹೊಸ ಬ್ರೇಕೇ," ಎಂದಳು.

ಅದು ಹೊಸದಲ್ಲ ಎಂದು ಆಗಲೇ ಹೇಳಿಬಿಡುವುದು ಸುಲಭವಿತ್ತು. ಎಂಜಿನ್ನಿಗೆ ಏನು ಬೇಕಾದರೂ ಮಾಡಿಕೊಳ್ಳಿ, ಬ್ರೇಕು ಮಾತ್ರ ಒಳ್ಳೆಯದು ಹಾಕಿಸಿ ಎಂದು ಅವಳು ಕೇಳಿಕೊಂಡಿದ್ದಳು. ಅವಳು ಜೀವನದಲ್ಲಿ ಕೇಳಿಕೊಂಡದ್ದೇ ಕಡಿಮೆ. ಕಳೆದ ತಿಂಗಳ ಒಂದು ಭಾನುವಾರ ಅವನು ಅಂಗಳದಲ್ಲಿ ಕೂತು ಕ್ಯಾಲಿಪರಿಗೆ ಕೆಂಪು ಬಳಿದ. ಒಣಗಿದ ಮೇಲೆ ಅವಳನ್ನು ಕರೆದು "ಹಾಕ್ಸಿದೆ ನೋಡು" ಎಂದ. ತಮಾಷೆಗೆ ಹೇಳಿದ್ದು, ನಗುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದ. ಅವಳು ಬಗ್ಗಿ ನೋಡಿ, ಮಗಳನ್ನೂ ಕರೆದು ತೋರಿಸಿ, ಅವನ ತೋಳು ಹಿಡಿದು "ನನ್ನ ಮಾತಿಗೆ ಬೆಲೆ ಕೊಟ್ರಲ್ಲ" ಎಂದಳು. ಅಲ್ಲಿಂದಾಚೆ ಸುಳ್ಳು ಅವನದಾಗಿ ಉಳಿಯಲಿಲ್ಲ. ಅದು ಮನೆಯ ಸಾಮಾನಾಯಿತು.

ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳು ಅವನ ಒಂದು ಮಾತನ್ನೂ ಅನುಮಾನಿಸಿರಲಿಲ್ಲ. ಅದನ್ನು ಅವನು ಕ್ಷಮಿಸಲಾರದೆ ಹೋಗಿದ್ದ. ಬೈದಿದ್ದರೆ, ಜೇಬು ತಡಕಿದ್ದರೆ, ಒಂದು ಸಲ ಕೆನ್ನೆಗೆ ಬಿಗಿದಿದ್ದರೆ ಬದುಕಬಹುದಿತ್ತು. ಪಕ್ಕದಲ್ಲಿ ಕೂತು ಅವಳ ಕತ್ತಿನ ಕೆಳಗಿನ ಮೂಳೆಯನ್ನು ನೋಡಿದ. ಕಾರು ಗುದ್ದಿದಾಗ ಸೀಟ್ ಬೆಲ್ಟು ಹಿಡಿದರೆ ಅದು ಮುರಿಯುತ್ತದೆ. ಹಿಡಿಯದಿದ್ದರೆ ಎದೆಯ ನಡುವಿನದು, ಆಮೇಲೆ ಪಕ್ಕೆಲುಬುಗಳು ಒಂದರ ಹಿಂದೊಂದು. ಮಂಡಿ ಮುಂದಿನ ಹಲಗೆಗೆ ಬಡಿದರೆ ತೊಡೆಯ ಮೂಳೆ ಸೊಂಟದ ಗುಳಿಯಿಂದ ಹಿಂದಕ್ಕೆ ಜಾರುತ್ತದೆ. ಇಷ್ಟನ್ನು ತಾನು ಅಂಜಿಕೆಯಿಂದ ಯೋಚಿಸುತ್ತಿದ್ದೇನೋ, ಆಸೆಯಿಂದಲೋ ಎಂದು ಅವನು ತನ್ನನ್ನೇ ಕೇಳಿಕೊಂಡ. ಉತ್ತರ ಬರುವ ಮೊದಲು ಆಸ್ಪತ್ರೆ ಬಂತು.

"ಏನೋ ಹೇಳ್ಬೇಕು ಅಂತಿದ್ದೀರಾ?" ಎಂದಳು ಗೇಟಿನ ಬಳಿ.

"ಇಲ್ಲ. ಪೆಟ್ರೋಲ್ ಫುಲ್ ಇದೆ."

ಮೊದಲ ರೋಗಿ ಮೂವತ್ತರ ಒಬ್ಬ ಹೆಂಗಸು. ಎಡಗೈಯನ್ನು ಬಲಗೈಯಲ್ಲಿ ಹೊತ್ತುಕೊಂಡು ಬಂದಿದ್ದಳು. ಜೊತೆಗೆ ಗಂಡ. ಇಸ್ತ್ರಿ ಮಾಡಿದ ಅಂಗಿ, ಮೃದು ಮಾತು.

"ಬಚ್ಚಲಲ್ಲಿ ಜಾರಿ ಬಿದ್ಲು ಡಾಕ್ಟ್ರೇ. ಎಷ್ಟು ಸಲ ಹೇಳಿದ್ದೀನಿ, ನೋಡ್ಕೊಂಡು ನಡಿ ಅಂತ."

ಫಿಲಮ್ಮು ಬೆಳಕಿನ ಹಲಗೆಯ ಮೇಲೆ ನೇತಾಡಿತು. ಬಿದ್ದವರು ಅಂಗೈ ಊರುತ್ತಾರೆ. ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ಇದು ಮುಂಗೈಯಲ್ಲಿ ಕಿರುಬೆರಳಿನ ಬದಿಯ ಮೂಳೆ, ನಟ್ಟನಡುವೆ, ಕಡ್ಡಿ ಮುರಿದ ಹಾಗೆ ಮುರಿದಿತ್ತು. ಮುಖಕ್ಕೆ ಬರುವ ಏಟಿಗೆ ಕೈ ಅಡ್ಡ ಹಿಡಿದವರಿಗೆ ಮಾತ್ರ ಹೀಗಾಗುತ್ತದೆ. ಇಂಥವನ್ನು ಅವನು ವಾರಕ್ಕೆ ಎರಡಾದರೂ ನೋಡುತ್ತಿದ್ದ. ಮೂಳೆಯ ಹೆಸರು ಬರೆದು ಸಹಿ ಹಾಕುತ್ತಿದ್ದ. ಯಾರು ಹೊಡೆದರು ಎಂದು ಬರೆಯಲು ವರದಿಯಲ್ಲಿ ಜಾಗವಿರಲಿಲ್ಲ. ಅದರಿಂದ ಅವನಿಗೆ ಅನುಕೂಲವೇ ಆಗಿತ್ತು.

"ಬಿದ್ದಿದ್ದಾ?" ಎಂದು ಅವಳನ್ನು ಕೇಳಿದ.

ಅವಳು ಗಂಡನ ಮುಖ ನೋಡಿದಳು. "ಹೂಂ. ಬಿದ್ದೆ."

"ಬಿದ್ಲು ಅಂದ್ನಲ್ಲ ಸಾರ್," ಎಂದು ಗಂಡ ನಕ್ಕ. ಸುಳ್ಳು ಹೇಳಿ ಅಭ್ಯಾಸವಾದ, ಯಾರೂ ಪ್ರಶ್ನಿಸದ, ನೆಮ್ಮದಿಯ ನಗು. ಆ ನಗು ಎಲ್ಲೋ ನೋಡಿದ್ದು ಅನ್ನಿಸಿತು.

ಕೈ ಎದ್ದದ್ದು ಅವನಿಗೆ ಗೊತ್ತಾಗಲಿಲ್ಲ. ಮೊದಲ ಏಟು ಆ ಗಂಡನ ಕೆನ್ನೆಗೆ ಬಿತ್ತು. ಎರಡನೆಯದು ಮೂಗಿಗೆ. ಮೂರನೆಯದಕ್ಕೆ ಮುಷ್ಟಿ ಕಟ್ಟಿದ್ದ. ಹಲ್ಲು ತುಟಿಗೆ ನೆಟ್ಟು ರಕ್ತ ಇಸ್ತ್ರಿಯ ಅಂಗಿಯ ಮೇಲೆ ಹರಿಯಿತು. ಆ ಗಂಡಸು ತಿರುಗಿ ಹೊಡೆಯಲಿಲ್ಲ. ಕುರ್ಚಿಯ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಜಾರಿ, ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದುಕೊಂಡ. ವಾರ್ಡ್ ಬಾಯ್‌ಗಳು ಬಂದು ಬಿಡಿಸುವಷ್ಟರಲ್ಲಿ ಇವನು ಒಂದೆರಡು ಸಲ ಒದ್ದೂ ಆಗಿತ್ತು.

ಅರ್ಧ ಗಂಟೆಯಲ್ಲಿ ಆಸ್ಪತ್ರೆಯೆಲ್ಲ ಸುದ್ದಿ. ಸಿಸ್ಟರುಗಳು ಒಳಗೆ ಇಣುಕಿ ನಕ್ಕು ಹೋದರು. ಹೆಡ್ ಸಿಸ್ಟರು ಕಾಫಿ ತಂದು ಇಟ್ಟು, "ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಗಂಡಸು ಅನ್ನಿಸ್ಕೊಂಡ್ರಿ," ಎಂದರು. ಅವನು ಕಾಫಿ ಕುಡಿದ. ಬೆರಳ ಗೆಣ್ಣುಗಳು ಊದಿದ್ದವು.

ಆ ಹೆಂಗಸು ಕೈಗೆ ಪಟ್ಟಿ ಹಾಕಿಸಿಕೊಂಡು ಬಾಗಿಲಲ್ಲಿ ನಿಂತಳು. ಧನ್ಯವಾದ ಹೇಳಲು ಬಂದಳು ಅಂದುಕೊಂಡು ಅವನು ಅದಕ್ಕೆ ತಕ್ಕ ಮುಖ ಮಾಡಿಕೊಂಡ.

"ಯಾಕೆ ಹೊಡೆದ್ರಿ?" ಎಂದಳು ಮೆಲ್ಲಗೆ. "ಅವರ ಜೊತೆ ಮನೆಗೆ ಹೋಗೋಳು ನಾನು."

ಅವಳು ಹೋದ ಮೇಲೂ ಅವನು ಆ ಮುಖವನ್ನು ಹಾಗೇ ಇಟ್ಟುಕೊಂಡು ಕೂತಿದ್ದ.

ಮೂರು ಗಂಟೆಗೆ ಫೋನು ಬಂತು. ಆಗ ಹೆಡ್ ಸಿಸ್ಟರು ರಿಜಿಸ್ಟರಿಗೆ ಸಹಿ ಹಾಕಿಸಿಕೊಳ್ಳುತ್ತ ಎದುರಿಗೇ ನಿಂತಿದ್ದರು.

"ಹೊರಡ್ತಾ ಇದ್ದೀವಿ," ಎಂದಳು ಹೆಂಡತಿ. "ಹತ್ತೋವಾಗ ಏನು ಎಳೆಯತ್ತೆ ರೀ ನಿಮ್ಮ ಗಾಡಿ. ಅಪ್ಪ ಮುಂದೆ ಕೂತಿದ್ದಾರೆ. ಪುಟ್ಟಿ ಹಿಂದೆ."

"ಪುಟ್ಟಿ ಎಲ್ಲಿಂದ ಬಂದ್ಲು?"

"ಸ್ಕೂಲು ಅರ್ಧ ದಿನಕ್ಕೇ ಬಿಟ್ರು. ಒಬ್ಬಳನ್ನೇ ಎಲ್ಲಿ ಬಿಡೋದು ಅಂತ ಕರ್ಕೊಂಡು ಬಂದೆ. ತಗೊಳ್ಳಿ, ಮಾತಾಡ್ಬೇಕಂತೆ."

ಬೆಳಗಿನಿಂದ ಅವನು ಮನಸ್ಸಿನಲ್ಲಿ ಮುರಿದು ಜೋಡಿಸುತ್ತಿದ್ದ ಲೆಕ್ಕದಲ್ಲಿ ಇಷ್ಟು ಚಿಕ್ಕ ಮೂಳೆಗಳು ಇರಲಿಲ್ಲ.

"ಅಪ್ಪಾ, ತಾತಂಗೆ ಕೆಂಪು ಬ್ರೇಕ್ ತೋರಿಸ್ದೆ," ಎಂದಳು ಮಗಳು. "ತಾತಂಗೆ ಕಣ್ಣು ಕಾಣಲ್ವಲ್ಲ, ಮುಟ್ಟಿ ನೋಡಿದ್ರು. ಬಿಸಿ ಇದೆ ಅಂದ್ರು."

"ಅಮ್ಮಂಗೆ ಕೊಡು."

ಫೋನು ಕೈ ಬದಲಾಯಿತು. ಹೇಳಬೇಕಾದದ್ದು ಇಷ್ಟೇ: ಅದು ಬರೀ ಬಣ್ಣ, ಅಲ್ಲೇ ಇರಿ, ನಾನು ಟ್ಯಾಕ್ಸಿ ಕಳಿಸ್ತೀನಿ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಆಗ ಏನನ್ನುತ್ತಾಳೆ ಎಂದು ಯೋಚಿಸಿದ. ಏನೂ ಅನ್ನುವುದಿಲ್ಲ. ಹನ್ನೊಂದು ವರ್ಷದ ಒಂದೊಂದು ಮಾತನ್ನೂ ಹಿಂದಕ್ಕೆ ಹೋಗಿ ಕೆರೆದು ನೋಡುತ್ತಾಳೆ. ಗಣಿತದವಳು.

"ನಿಧಾನವಾಗಿ ಬನ್ನಿ," ಎಂದ.

"ಯಾಕೆ ರೀ, ಏನಾದ್ರೂ ಇದೆಯಾ?"

ಹೆಡ್ ಸಿಸ್ಟರು ಪುಟ ತಿರುವಿ ಬೆರಳಿಟ್ಟು ಜಾಗ ತೋರಿಸಿದರು. ಅವನು ಸಹಿ ಹಾಕಿದ.

"ಏನಿಲ್ಲ. ಹಾಗೇ ಅಂದೆ."

"ಬ್ರೇಕು ಸರಿ ಇದೆ ಅಲ್ವಾ?"

"ಇದೆ."

"ಮತ್ತೆ ಹೆದರಿಸ್ತೀರಲ್ಲ," ಎಂದು ನಕ್ಕು ಫೋನಿಟ್ಟಳು.

ಹೆಡ್ ಸಿಸ್ಟರು ಹೋದರು. ಬೆಟ್ಟದ ರಸ್ತೆಯ ಮೊದಲ ತಿರುವು ದಾಟಿದರೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಅಲ್ಲಿಗೆ ಹೋಗಲು ಐದು ನಿಮಿಷ. ಅವನು ಗೋಡೆಯ ಗಡಿಯಾರ ನೋಡುತ್ತ ಕೂತ. ಮೂರು ನಿಮಿಷವಾಯಿತು. ನಾಲ್ಕಾಯಿತು. ಏಳಾದ ಮೇಲೆ ಎದ್ದು ನಿಂತು, ಹೆಂಡತಿಯ ನಂಬರು ಒತ್ತಿದ. ನೀವು ಕರೆ ಮಾಡಿದ ಚಂದಾದಾರರು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು ದನಿ. ಇನ್ನೊಂದು ಸಲ ಮಾಡಿದ. ಇನ್ನೊಂದು ಸಲ. ಪ್ರಯತ್ನಪಟ್ಟೆ ಎಂದು ತನಗೇ ಹೇಳಿಕೊಂಡ. ಹಾಗೆ ಹೇಳಿಕೊಂಡದ್ದು ಅವನ ಕಿವಿಗೇ ಅಸಹ್ಯವಾಗಿ ಕೇಳಿಸಿತು.

ಬಾಗಿಲು ಬಡಿದ ಸದ್ದಾಯಿತು. ಎದೆಯ ಎಕ್ಸ್-ರೇಗೆ ಬಂದ ಮುದುಕ. ಟೆಕ್ನಿಷಿಯನ್ ಊಟಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಅವನೇ ಮುದುಕನ ಅಂಗಿ ಬಿಚ್ಚಿಸಿದ, ಹಲಗೆಗೆ ಎದೆ ಒತ್ತಿ ನಿಲ್ಲಿಸಿದ, ಗಲ್ಲ ಮೇಲಕ್ಕೆತ್ತಿದ, ತೋಳುಗಳನ್ನು ಹಲಗೆಯ ಸುತ್ತ ತಬ್ಬಿಸಿದ.

"ಜೋರಾಗಿ ಉಸಿರು ಎಳ್ಕೊಳ್ಳಿ. ಹಾಗೇ ಹಿಡ್ಕೊಳ್ಳಿ. ನಾನು ಹೇಳೋ ತನಕ ಬಿಡ್ಬೇಡಿ."

"ಆಗ್ಲಿ ಸ್ವಾಮಿ," ಎಂದು ಮುದುಕ ಎಳೆದುಕೊಂಡ.

ಸೀಸದ ಗಾಜಿನ ಹಿಂದೆ ಹೋಗಿ ಗುಂಡಿ ಒತ್ತಿದ. ಯಂತ್ರ ಗುಂಯ್ ಎಂದು ನಿಂತಿತು. ಚಿತ್ರ ಬಂದಾಗಿತ್ತು. ಇನ್ನು ಉಸಿರು ಬಿಡಿ ಎಂದು ಒಂದು ಮಾತು ಹೇಳಿದರೆ ಆಯಿತು. ದಿನಕ್ಕೆ ಐವತ್ತು ಸಲ ಈ ಗೋಡೆಗಳ ನಡುವೆ ಕೇಳುವ ಮಾತು. ಅವನು ಬಾಯಿ ತೆರೆದ. ಗಾಜಿನ ಆಚೆ ಆ ಬೆತ್ತಲೆ ಬೆನ್ನು ಅಲುಗಾಡದೆ ನಿಂತಿತ್ತು. ಪಕ್ಕೆಲುಬುಗಳು ಒಂದೊಂದಾಗಿ ಎದ್ದು ಕಾಣುತ್ತಿದ್ದವು, ಕತ್ತಿನ ನರ ಉಬ್ಬುತ್ತಿತ್ತು, ಮಂಡಿಗಳು ನಡುಗಲು ಶುರುವಾಗಿದ್ದವು. ಮುದುಕ ಹಲಗೆಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ. ಉಸಿರು ಮಾತ್ರ ಬಿಡಲಿಲ್ಲ.